ಇನ್ನೊಂದು ಕಟೀಲಿನ ಗಂಟೆ

ಹೋದ ವರ್ಷ ಅಮ್ಮ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದಳು. ನಾವಿರುವುದು ಎಕ್ಸೆಟರ್‌ನಲ್ಲಿ, ಇಂಗ್ಲೆಂಡಿನ ನೈಋತ್ಯ ಮೂಲೆ. ಒಂದು ಶನಿವಾರ ಬೆಳಿಗ್ಗೆ ತಿಂಡಿ ತಿನ್ನುವಾಗ "ಇವತ್ತು ಕಟೀಲ್‌ಗೆ ಹೋಗೋಣಮ್ಮ" ಅಂದೆ. ಚಟ್ನಿ ಬಡಿಸುತ್ತಿದ್ದವಳು ಸೌಟು ಹಾಗೇ ಹಿಡಿದು ನನ್ನ ಮುಖ ನೋಡಿದಳು. "ಕಟೀಲಿಗಾ? ಇಲ್ಲೂ ದೇವಿ ಗುಡಿ ಕಟ್ಟಿದಾರೇನೇ?"

ಗುಡಿ ಅಲ್ಲ, ಹಳೇ ಮನೆ. ಟೇಮರ್ ಹೊಳೆಯ ದಂಡೆಯಲ್ಲಿ, ಕಾರ್ನ್‌ವಾಲ್‌ನ ಗಡಿ ದಾಟಿದ ಕೂಡಲೇ ಸಿಗುತ್ತದೆ. ಇಂಗ್ಲಿಷಿನ ಸ್ಪೆಲಿಂಗ್ ನೋಡಿದರೆ "ಕೋಟೆಹೆಲೆ" ಅಂತ ಓದಬೇಕು ಅನಿಸುತ್ತದೆ. ನಾನು ಹಾಗೇ ಓದಿ ಆಫೀಸಿನಲ್ಲಿ ಎಲ್ಲರನ್ನೂ ನಗಿಸಿದ್ದೆ. ಅಲ್ಲಿಯವರ ಬಾಯಲ್ಲಿ ಅದು ಕಟೀಲ್. ಕಾರ್ನ್‌ವಾಲ್‌ನ ಹಳೇ ನುಡಿಯಲ್ಲಿ ಅಳಿವೆ ದಂಡೆಯ ಕಾಡು ಅಂತ ಅರ್ಥ. ನಂದಿನಿ ಹೊಳೆಯ ನಡುವಿನ ನಮ್ಮ ಕಟೀಲಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಆದರೆ ಅಮ್ಮನಿಗೆ ಹೆಸರು ಹಿಡಿಸಿಬಿಟ್ಟಿತು. ಇಲ್ಲದಿದ್ದರೆ "ಹಳೇ ಮನೆ ನೋಡೋಕೆ ಅಷ್ಟು ದೂರ ಯಾಕೆ, ನಮ್ಮೂರಲ್ಲಿ ಬೀಳ್ತಾ ಇರೋವು ಬೇಕಾದಷ್ಟಿವೆ" ಅಂದು ಕೂತುಬಿಡುತ್ತಿದ್ದಳು.

ಕೊನೆಯ ಮೂರ್ನಾಲ್ಕು ಮೈಲಿ ರಸ್ತೆ ಮಲೆನಾಡಿನ ಒಳದಾರಿಯ ಹಾಗೆ. ಎರಡೂ ಕಡೆ ಆಳೆತ್ತರದ ಬೇಲಿ. ಎದುರಿಗೊಂದು ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದೆ ಹೋಗಲೇಬೇಕು. ಹೋಗಿದ್ದು ನಾನೇ. ಎರಡು ಸಲ.

ಮನೆ ಬೂದು ಕಲ್ಲಿನದು. ನಡುವೆ ಅಂಗಳ, ಸುತ್ತ ಕೋಣೆಗಳು. "ತೊಟ್ಟಿಮನೆ ಥರಾನೇ ಇದೆ" ಅಂದಳು ಅಮ್ಮ. ನಿಜ, ಹಾಗೇ ಇದೆ. ಎಜ್‌ಕಂಬ್ ಅನ್ನುವ ಮನೆತನಕ್ಕೆ ಇದು 1353ರಲ್ಲಿ ಮದುವೆಯ ಮೂಲಕ ಬಂತು. ಆಮೇಲೆ ಸುಮಾರು 600 ವರ್ಷ ಅವರ ಕೈಯಲ್ಲೇ ಇತ್ತು. 1947ರಲ್ಲಿ ವಾರಸು ತೆರಿಗೆಗೆ ಬದಲಾಗಿ ಸರ್ಕಾರಕ್ಕೆ ಬಿಟ್ಟುಕೊಟ್ಟರು, ಅಲ್ಲಿಂದ ಹಳೇ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಸೇರಿತು. ನೋಡಲು ಬಿಡುವ ಹಳೇ ಕೋಣೆಗಳಲ್ಲಿ ಕರೆಂಟು ದೀಪ ಇಲ್ಲ. ಕಿಟಕಿಯಿಂದ ಬಂದಷ್ಟೇ ಬೆಳಕು. ಮೋಡ ಮುಚ್ಚಿದ್ದರೆ ಗೋಡೆ ತುಂಬ ನೇತುಬಿಟ್ಟ, ಚಿತ್ರ ನೇಯ್ದ ಹಳೇ ಪರದೆಗಳಲ್ಲಿ ಯಾವುದು ಕುದುರೆ, ಯಾವುದು ಮನುಷ್ಯ ಅಂತ ಗೊತ್ತಾಗಲ್ಲ.

ನಾನು ಬಂದಿದ್ದು ಒಂದು ಗಡಿಯಾರಕ್ಕಾಗಿ. ನೋಡಲು ಬಂದೆ ಅಂತ ಹೇಳಿದರೆ ತಪ್ಪಾಗುತ್ತದೆ, ಯಾಕೆಂದರೆ ಆ ಗಡಿಯಾರಕ್ಕೆ ಮುಖವೇ ಇಲ್ಲ.

ಈ ಮನೆಯ ಪುಟ್ಟ ಚಾಪಲ್‌ನಲ್ಲಿ, ಅಂದರೆ ಮನೆಮಂದಿ ಪ್ರಾರ್ಥನೆ ಮಾಡುತ್ತಿದ್ದ ಕೋಣೆಯಲ್ಲಿ, ಗೋಡೆಯ ಗೂಡಿನೊಳಗೆ ಅದು ನಿಂತಿದೆ. 1493 ಮತ್ತು 1521ರ ನಡುವೆ ಯಾವಾಗಲೋ ಕೂರಿಸಿದ್ದು ಅನ್ನುತ್ತಾರೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಹೆಚ್ಚುಕಡಿಮೆ ಅದೇ ಕಾಲ. ಬ್ರಿಟನ್ನಿನಲ್ಲಿ ಏನೂ ಮಾರ್ಪಾಡಾಗದೆ, ಮೊದಲು ಕೂರಿಸಿದ ಜಾಗದಲ್ಲೇ ಇದ್ದು ಇನ್ನೂ ನಡೆಯುತ್ತಿರುವ ಇಂಥ ದೊಡ್ಡ ಗಡಿಯಾರಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. 2002ರಲ್ಲಿ ಬಿಚ್ಚಿ ದುರಸ್ತಿ ಮಾಡಿದ್ದಾರೆ.

ಕಣ್ಣಿಗೆ ಏನು ಕಾಣುತ್ತದೆ? ಕುಲುಮೆಯಲ್ಲಿ ಬಡಿದು ಮಾಡಿದ ಕಬ್ಬಿಣದ ಚೌಕಟ್ಟು, ಮಗುವಿನ ಎತ್ತರದ್ದು. ಅದರೊಳಗೆ ಹಲ್ಲಿನ ಚಕ್ರಗಳು. ಹಗ್ಗಕ್ಕೆ ಕಟ್ಟಿದ ಎರಡು ತೂಕ, ಒಂದೊಂದೂ ಸುಮಾರು 40 ಕಿಲೋ. ಮುಳ್ಳಿಲ್ಲ, ಅಂಕಿ ಇಲ್ಲ, ಪೆಂಡುಲಂ ಇಲ್ಲ. ಅಮ್ಮ ಒಂದು ನಿಮಿಷ ನೋಡಿದಳು. "ಇದು ಗಡಿಯಾರಾನಾ? ರಾಟೆ ಇದ್ದ ಹಾಗಿದೆ. ಇದರಲ್ಲಿ ಟೈಮು ಎಲ್ಲಿ ನೋಡೋದು?"

ನೋಡೋದಲ್ಲಮ್ಮ, ಕೇಳೋದು. ಮೇಲೆ ಮಾಡಿನ ಹತ್ತಿರ ಗಂಟೆ ಇದೆ. ತಾಸಿಗೊಮ್ಮೆ ಹೊಡೆಯುತ್ತದೆ. ಅಷ್ಟೇ ಇದರ ಕೆಲಸ.

ಅಲ್ಲಿ ಒಬ್ಬರು ಹಿರಿಯರು ಸ್ವಯಂಸೇವಕರಾಗಿ ಕೂತಿದ್ದರು. ಉಣ್ಣೆ ಸ್ವೆಟರ್, ಎದೆಯ ಮೇಲೆ ಬಿಲ್ಲೆ. ಯಾರಾದರೂ ಗಡಿಯಾರದ ಹತ್ತಿರ ಎರಡು ನಿಮಿಷ ನಿಂತರೆ ಸಾಕು ಅಂತ ಕಾಯುತ್ತಿದ್ದವರ ಹಾಗೆ ಎದ್ದು ಬಂದರು. ಅವರು ಹೇಳಿದ್ದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದು ಕಡೆ ಬಾಯಿ ಕಟ್ಟಿತು. ಇಂಗ್ಲಿಷಿನಲ್ಲಿ ಅವರು ಎರಡು ಬೇರೆ ಮಾತು ಆಡುತ್ತಿದ್ದರು, ಒಂದು ಗಂಟೆಗೆ, ಇನ್ನೊಂದು ತಾಸಿಗೆ. ನನ್ನ ಬಾಯಲ್ಲಿ ಎರಡೂ ಗಂಟೆಯೇ. "ಪ್ರತಿ ಗಂಟೆಗೆ ಈ ಗಂಟೆ ಗಂಟೆಯನ್ನ ಹೊಡೆಯುತ್ತೆ" ಅಂದುಬಿಟ್ಟೆ. ಅಮ್ಮ ನಗಲಿಲ್ಲ. ಅವಳಿಗೆ ಅದು ಸರಿಯಾಗೇ ಇತ್ತು.

ಇದನ್ನು ಆಮೇಲೆ ತುಂಬ ದಿನ ಯೋಚಿಸಿದ್ದೇನೆ. ನಾವು "ಗಂಟೆ ಎಷ್ಟು?" ಅಂತ ಕೇಳುತ್ತೇವೆ. ಹತ್ತು ಗಂಟೆ, ಹನ್ನೊಂದು ಗಂಟೆ ಅನ್ನುತ್ತೇವೆ. ಅಂದರೆ ಹತ್ತು ಸಲ ಹೊಡೆದದ್ದು, ಹನ್ನೊಂದು ಸಲ ಹೊಡೆದದ್ದು. ಕಣ್ಣಿಂದ ಮುಳ್ಳು ನೋಡಿ ಹೇಳುವಾಗಲೂ ಬಾಯಿ ಕಿವಿಯ ಲೆಕ್ಕವನ್ನೇ ಹೇಳುತ್ತದೆ. ಇಂಗ್ಲಿಷಿನವರೂ ಹಾಗೇ ಮಾಡಿದವರು, ಮರೆತಿದ್ದಾರೆ ಅಷ್ಟೇ. ಅವರ "ಕ್ಲಾಕ್" ಅನ್ನುವ ಮಾತು ಬಂದದ್ದು ಲ್ಯಾಟಿನ್ನಿನ "ಕ್ಲೊಕ್ಕ"ದಿಂದ. ಅದರ ಅರ್ಥ ಗಂಟೆ. ಜರ್ಮನ್ನರು ಈಗಲೂ ಗಂಟೆಗೆ "ಗ್ಲೊಕ್ಕೆ" ಅನ್ನುತ್ತಾರೆ. ಮೊದಮೊದಲಿಗೆ ಯೂರೋಪಿನ ಎಷ್ಟೋ ಗಡಿಯಾರಗಳಿಗೆ ಮುಖವೇ ಇರಲಿಲ್ಲ. ಹೊಲದಲ್ಲಿ ಬಗ್ಗಿರುವವನಿಗೆ, ಅಡುಗೆಮನೆಯಲ್ಲಿ ಒಲೆ ಊದುತ್ತಿರುವವಳಿಗೆ, ಲಾಯದ ಹುಡುಗನಿಗೆ ಮುಖ ಇದ್ದು ಏನು ಪ್ರಯೋಜನ? ಕೆಲಸ ಬಿಟ್ಟು ಬಂದು ನೋಡಬೇಕಾಗಿತ್ತು. ಸದ್ದಾದರೆ ತಾನೇ ಹುಡುಕಿಕೊಂಡು ಬರುತ್ತದೆ.

ನಮ್ಮೂರ ಶಾಲೆಯಲ್ಲೂ ಹಾಗೇ ಅಲ್ವಾ. ಅರಸೀಕೆರೆ ಜಂಕ್ಷನ್ ಹತ್ತಿರದ ಊರಾದ್ದರಿಂದ ರೈಲು ಕಂಬಿಯ ತುಂಡಿಗೆ ಬರ ಇರಲಿಲ್ಲ. ಜಗಲಿಯ ತೊಲೆಗೆ ಮೊಳದುದ್ದದ ಕಂಬಿ ನೇತುಹಾಕಿದ್ದರು. ಜವಾನ ಕಬ್ಬಿಣದ ಸರಳಿನಿಂದ ಅದನ್ನು ಬಡಿಯುತ್ತಿದ್ದ. ಪಿರಿಯಡ್ಡಿಗೆ ಒಂದೊಂದು, ಊಟಕ್ಕೆ ಮೂರು, ಸಂಜೆ ಲಾಂಗ್ ಬೆಲ್. ಗಡಿಯಾರ ಹೆಡ್‌ಮಾಸ್ಟರ ರೂಮಿನಲ್ಲಿತ್ತು. ನಮಗೆ ಅದರ ಮುಖ ಹೇಗಿದೆ ಅಂತಲೇ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಆ ಕಂಬಿಯೇ ಗಡಿಯಾರ.

ಹಿರಿಯರು ಮುಂದೆ ಹೇಳಿದರು. ತೂಕ ಕೆಳಗಿಳಿಯುತ್ತಾ ಚಕ್ರ ತಿರುಗಿಸುತ್ತದೆ. ಸುಮ್ನೆ ಬಿಟ್ಟರೆ ಗಿರ್ರನೆ ತಿರುಗಿ ತೂಕ ನೆಲ ಮುಟ್ಟುತ್ತದೆ. ಅದನ್ನು ತಡೆತಡೆದು ಬಿಡಬೇಕು. ಅದಕ್ಕೆ ಇಲ್ಲಿ ಒಂದು ಅಡ್ಡ ಸರಳು ಇದೆ. ತಕ್ಕಡಿ ದಂಡಿಗೆಯ ಹಾಗೆ, ಎರಡೂ ತುದಿಗೆ ಪುಟ್ಟ ತೂಕ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತದೆ. ಒಂದೊಂದು ಹೊರಳಿಗೆ ಚಕ್ರದ ಒಂದೊಂದು ಹಲ್ಲು ಜಾರುತ್ತದೆ. ತುದಿಯ ತೂಕಗಳನ್ನು ಹೊರಗೆ ಸರಿಸಿದರೆ ಗಡಿಯಾರ ನಿಧಾನ, ಒಳಗೆ ಸರಿಸಿದರೆ ಬೇಗ. ಎಣ್ಣೆ ಆರಿದರೆ, ಚಳಿ ಬಿದ್ದರೆ, ಲೆಕ್ಕ ತಪ್ಪುತ್ತದೆ. ದಿನಕ್ಕೆ ಕಾಲು ಗಂಟೆ ಆಚೀಚೆ ಆದರೂ ಆ ಕಾಲದಲ್ಲಿ ಯಾರೂ ದೂರುತ್ತಿರಲಿಲ್ಲ. ಬಿಸಿಲು ಗಡಿಯಾರ ನೋಡಿ ಸರಿಮಾಡುತ್ತಿದ್ದರು.

ಸೂರ್ಯನ ಮಾತು ಬಂದದ್ದರಿಂದ ಒಂದು ಲೆಕ್ಕ. ಕಟೀಲ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಗ್ರೀನಿಚ್‌ಗಿಂತ ಸುಮಾರು 17 ನಿಮಿಷ ತಡ. 1880ರಲ್ಲಿ ಗ್ರೀನಿಚ್ ಸಮಯವೇ ಬ್ರಿಟನ್ನಿನ ಕಾನೂನು ಸಮಯ ಅಂತ ಆಯಿತು. ಅದಕ್ಕೂ ಹಿಂದೆ, ರೈಲು ಬರುವ ಮುಂಚೆ, ಈ ಗಂಟೆ ಹೊಡೆದದ್ದೆಲ್ಲ ಇಲ್ಲಿಯದೇ ಸಮಯ. ನಮ್ಮ ಕಟೀಲಿನ ಕಥೆಯೂ ಅದೇ. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಕೈಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ.

1656ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಪೆಂಡುಲಂ ಗಡಿಯಾರ ಮಾಡಿದ. ದಿನಕ್ಕೆ ಕಾಲು ಗಂಟೆ ಇದ್ದ ತಪ್ಪು ಕಾಲು ನಿಮಿಷಕ್ಕೆ ಇಳಿಯಿತು. ಇನ್ನು ಹಳೆಯದನ್ನು ಯಾರು ಇಟ್ಟುಕೊಳ್ಳುತ್ತಾರೆ? ಊರೂರಲ್ಲೂ ಚರ್ಚಿನ ಗಡಿಯಾರಗಳ ಅಡ್ಡ ಸರಳು ಕಿತ್ತು ಪೆಂಡುಲಂ ಕೂರಿಸಿದರು. 1386ರದ್ದು ಅನ್ನುವ ಸಾಲ್ಸ್‌ಬರಿ ಕೆಥೆಡ್ರಲ್‌ನ ಹೆಸರುವಾಸಿ ಗಡಿಯಾರಕ್ಕೂ ಅದೇ ಆಯಿತು. ಈಗ ಅಲ್ಲಿ ಕಾಣುವ ಅಡ್ಡ ಸರಳು 1956ರಲ್ಲಿ ಹೊಸದಾಗಿ ಮಾಡಿ ಹಾಕಿದ್ದು.

ಹಾಗಾದರೆ ಕಟೀಲ್‌ನ ಗಡಿಯಾರ ಹೇಗೆ ಉಳಿಯಿತು? ಜೋಪಾನ ಮಾಡಿದ್ದಕ್ಕಲ್ಲ. ಕ್ಯಾರೇ ಅನ್ನದ್ದಕ್ಕೆ. 1550ರ ಹೊತ್ತಿಗೆ ಎಜ್‌ಕಂಬ್ ಮನೆತನ ಪ್ಲಿಮತ್ ಬಂದರಿನ ಎದುರು ಮೌಂಟ್ ಎಜ್‌ಕಂಬ್ ಅಂತ ಹೊಸ ಮನೆ ಕಟ್ಟಿತು. ಸಮುದ್ರ ಕಾಣುವ ಮನೆ, ದೊಡ್ಡ ತೋಟ. ಯಜಮಾನರ ಸಂಸಾರವೆಲ್ಲ ಅಲ್ಲಿಗೆ ಹೋಯಿತು. ಕಟೀಲ್ ಹಿಂದೆ ಬಿದ್ದ ಮನೆ ಆಯಿತು, ನಮ್ಮಲ್ಲಿ ಎಲ್ಲರೂ ಬೆಂಗಳೂರು ಸೇರಿದ ಮೇಲೆ ಊರ ಮನೆ ಆಗುತ್ತದಲ್ಲ, ಹಾಗೆ. ಅಂಥ ಮನೆಯ ಗಡಿಯಾರಕ್ಕೆ ಯಾರು ದುಡ್ಡು ಖರ್ಚು ಮಾಡಿ ಪೆಂಡುಲಂ ಹಾಕಿಸುತ್ತಾರೆ? ಅದು ಹಾಗೇ ಇತ್ತು. ಆಮೇಲೆ 1941ರಲ್ಲಿ ಜರ್ಮನ್ ವಿಮಾನಗಳು ಪ್ಲಿಮತ್ ಮೇಲೆ ಬಾಂಬು ಹಾಕಿದವು. ಮೌಂಟ್ ಎಜ್‌ಕಂಬ್ ಸುಟ್ಟು ಬರೀ ಗೋಡೆ ನಿಂತಿತು. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಏನೂ ಅನ್ನಲಿಲ್ಲ. ಗಡಿಯಾರದ ಕಡೆ ಇನ್ನೊಂದು ಸಲ ನೋಡಿದಳು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೊಡೆಯುವ ಲೆಕ್ಕ. ಇಂಥ ಹಳೇ ಗಡಿಯಾರಗಳಲ್ಲಿ ಅದಕ್ಕೇ ಬೇರೆ ಒಂದು ಚಕ್ರ ಇರುತ್ತದೆ. ಅಂಚಿನಲ್ಲಿ ಕಚ್ಚುಗಳು. ಒಂದು ಕಚ್ಚಿನಿಂದ ಮುಂದಿನದಕ್ಕೆ ದೂರ ಹೆಚ್ಚುತ್ತಾ ಹೋಗುತ್ತದೆ. ಕೊಕ್ಕೆ ಕಚ್ಚಿನಿಂದ ಎದ್ದರೆ ಸುತ್ತಿಗೆ ಹೊಡೆಯಲು ಶುರು, ಮುಂದಿನ ಕಚ್ಚಿಗೆ ಬಿದ್ದರೆ ನಿಲ್ಲುತ್ತದೆ. ದೂರ ಜಾಸ್ತಿ ಇದ್ದಷ್ಟೂ ಏಟು ಜಾಸ್ತಿ. ಒಂದರಿಂದ ಹನ್ನೆರಡರವರೆಗೆ ಚಕ್ರ ಒಂದು ಸುತ್ತು ಬಂದರೆ 78 ಏಟು, ದಿನಕ್ಕೆ 156. ಆದರೆ ಆ ಚಕ್ರಕ್ಕೆ ಈಗ ಎಷ್ಟು ಹೊತ್ತಾಗಿದೆ ಅಂತ ಗೊತ್ತಿಲ್ಲ. ಹಿಂದಿನ ಸಲ ಆರು ಹೊಡೆದೆ, ಈಗ ಏಳು, ಅಷ್ಟೇ ಅದಕ್ಕೆ ಗೊತ್ತು. ನಡುವೆ ಎಲ್ಲಾದರೂ ಒಂದು ಸಲ ತಪ್ಪಿದರೆ ಆಮೇಲೆ ಯಾವಾಗಲೂ ತಪ್ಪೇ.

ಇದನ್ನು ಕೇಳುತ್ತಿದ್ದ ಹಾಗೆ ನಾನು ಅಮ್ಮನ ಕೈ ಹಿಡಿದುಕೊಂಡೆ. "ಅಮ್ಮಾ, ತಾತನ ಗಡಿಯಾರ!"

ತಾತನ ಮನೆಯ ನಡುಮನೆಯಲ್ಲಿ ಒಂದು ಗೋಡೆ ಗಡಿಯಾರ ಇತ್ತು. ವಾರಕ್ಕೊಮ್ಮೆ ಕೀ ಕೊಡಬೇಕು. ನನಗೆ ನೆನಪಿರುವಷ್ಟು ಕಾಲವೂ ಅದು ಒಂದು ಹೆಚ್ಚಿಗೆ ಹೊಡೆಯುತ್ತಿತ್ತು. ಮುಳ್ಳು ಮೂರಕ್ಕೆ ಬಂದರೆ ನಾಲ್ಕು ಏಟು. ಅಜ್ಜಿ ಒಳಗಿನಿಂದ ಎಣಿಸಿ, ಒಂದು ಕಳೆದು, ಕಾಫಿಗೆ ನೀರಿಡುತ್ತಿದ್ದಳು. ಮನೆಗೆ ಹೊಸದಾಗಿ ಬಂದ ಸೊಸೆಯರಿಗೆ ಮೊದಲು ಹೇಳಿಕೊಡುತ್ತಿದ್ದದ್ದೇ ಆ ಕಳೆಯುವ ಲೆಕ್ಕ. ಗಡಿಯಾರ ಕೆಟ್ಟಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಯಾರೋ ಯಾವತ್ತೋ ಹೊಡೆಯಲು ಬಿಡದೆ ಮುಳ್ಳು ತಿರುಗಿಸಿರಬೇಕು, ಅಷ್ಟೇ. ಒಳಗಿನ ಕೊಕ್ಕೆಯನ್ನು ಬೆರಳಲ್ಲಿ ಎತ್ತಿ ಹನ್ನೊಂದು ಸಲ ಹೊಡೆಸಿದ್ದರೆ ಸರಿಹೋಗುತ್ತಿತ್ತು. ಮೂವತ್ತು ವರ್ಷ ಎಲ್ಲರೂ ಕಳೆಯುತ್ತಾ ಕೂತರು.

"ನಿಮ್ಮಪ್ಪಾನೇ ತಿರುಗಿಸಿರ್ತಾರೆ" ಅಂದಳು ಅಮ್ಮ ತಕ್ಷಣ.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಹಿರಿಯರು ಈ ಮನೆಯ ಇನ್ನೊಂದು ಕಥೆ ಹೇಳಿದರು. 1483ರಲ್ಲಿ ಮನೆಯ ಯಜಮಾನ ರಿಚರ್ಡ್ ಎಜ್‌ಕಂಬ್ ಅಂದಿನ ರಾಜ ಮೂರನೆಯ ರಿಚರ್ಡ್ ವಿರುದ್ಧ ದಂಗೆ ಎದ್ದವರ ಜೊತೆ ಸೇರಿದ. ರಾಜನ ಕಡೆಯವರು ಹಿಡಿಯಲು ಬಂದರು. ಇವನು ಹೊಳೆಯ ಮೇಲಿನ ಕಾಡಿಗೆ ಓಡಿದ. ಹಿಂದೆಯೇ ಹೆಜ್ಜೆ ಸದ್ದು. ತಲೆಯ ಟೋಪಿಗೆ ಒಂದು ಕಲ್ಲು ಹಾಕಿ ಹೊಳೆಗೆ ಎಸೆದ. ಡುಬುಕ್ ಅಂತ ಸದ್ದಾಯಿತು. ಬಂದವರು ಬಗ್ಗಿ ನೋಡಿದರೆ ನೀರಿನ ಮೇಲೆ ಟೋಪಿ. ಮುಳುಗಿ ಸತ್ತ ಅಂತ ವಾಪಸು ಹೋದರು. ಅವನು ಬ್ರಿಟನಿ ಅನ್ನುವ ಸೀಮೆಗೆ, ಅಂದರೆ ಈಗಿನ ಫ್ರಾನ್ಸಿನ ಕರಾವಳಿಗೆ, ದೋಣಿ ಹತ್ತಿದ. 1485ರಲ್ಲಿ ಹೆನ್ರಿ ಟ್ಯೂಡರ್ ಗೆದ್ದು ರಾಜನಾದಾಗ ಇವನ ದೆಸೆಯೂ ತಿರುಗಿತು. ಬಚ್ಚಿಟ್ಟುಕೊಂಡಿದ್ದ ಜಾಗದಲ್ಲಿ ಒಂದು ಪುಟ್ಟ ಚಾಪಲ್ ಕಟ್ಟಿಸಿದ. ಅದು ಮನೆಯೊಳಗಿನ ಈ ಚಾಪಲ್ ಅಲ್ಲ, ಕಾಡಿನೊಳಗೆ ಬೇರೆ ಇದೆ.

ಎಲ್ಲ ಕೇಳಿಸಿಕೊಂಡು ಅಮ್ಮ ಕೇಳಿದಳು: "ಕಲ್ಲು ಹಾಕಿದ ಟೋಪಿ ತೇಲಿದ್ದು ಹೇಗೆ?"

ನಾನು ಅನುವಾದಿಸಿದೆ. ಹಿರಿಯರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಕಲ್ಲು ಜಾರಿ ಬಿದ್ದಿರಬೇಕು ಅಂದರು. ಅಮ್ಮನಿಗೆ ಒಪ್ಪಿಗೆ ಆಗಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಮೇಲೆ ಮಾತು ಮನೆಗಳ ಗಂಟೆಗಳ ಕಡೆಗೇ ತಿರುಗಿತು. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಕುದುರೆ ಲಾಯದ ಮೇಲೆ ಗಡಿಯಾರ ಇಡುವುದು ಮಾಮೂಲಿ. ಗಂಟೆ ಯಜಮಾನನದು, ಕೇಳಬೇಕಾದವರು ಆಳುಗಳು. ಯಜಮಾನ ಹೇಳಿದ್ದೇ ಸಮಯ. ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲಿ ದೊರೆ ಏಳನೇ ಎಡ್ವರ್ಡ್ ತನ್ನ ಎಲ್ಲ ಗಡಿಯಾರಗಳನ್ನೂ ಅರ್ಧ ಗಂಟೆ ಮುಂದಕ್ಕೆ ಇಡಿಸಿದ್ದ, ಬೇಟೆಗೆ ಹಗಲು ಜಾಸ್ತಿ ಸಿಗಲಿ ಅಂತ. 1936ರಲ್ಲಿ ಅವನ ಮೊಮ್ಮಗ ಬಂದು ಅದನ್ನು ನಿಲ್ಲಿಸಿದ. ಇನ್ನೊಂದು ಕಥೆ ಮ್ಯಾಂಚೆಸ್ಟರ್ ಹತ್ತಿರದ ವರ್ಸ್ಲಿಯದು. ಕಾಲುವೆ ತೋಡಿಸಿ ಹೆಸರಾದ ಡ್ಯೂಕ್ ಆಫ್ ಬ್ರಿಜ್‌ವಾಟರ್‌ನ ಕೆಲಸಗಾರರು ಊಟ ಮುಗಿಸಿ ಒಂದು ಗಂಟೆಗೆ ವಾಪಸು ಬರಬೇಕಿತ್ತು. ಯಾವಾಗಲೂ ತಡ. ಕೇಳಿದರೆ, ಒಡೆಯಾ, ಹನ್ನೆರಡಾದರೆ ಕೇಳುತ್ತದೆ, ಒಂದೇ ಏಟು ಹೊಡೆದರೆ ಯಾರಿಗೆ ಕೇಳುತ್ತದೆ ಅನ್ನುತ್ತಿದ್ದರಂತೆ. ಡ್ಯೂಕ್ ಗಡಿಯಾರವನ್ನೇ ಬದಲಾಯಿಸಿದ. ಮಧ್ಯಾಹ್ನ ಒಂದಕ್ಕೆ ಅದು 13 ಹೊಡೆಯತೊಡಗಿತು. ಆ ಗಡಿಯಾರದ ಏಟು ವರ್ಸ್ಲಿಯ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಈಗಲೂ ಒಂದು ಗಂಟೆಗೆ ಹದಿಮೂರೇ.

ಗಂಟೆಯ ಲೋಹದ ಬಗ್ಗೆಯೂ ಒಂದು ಮಾತು. ಗಂಟೆ ಎರಕಕ್ಕೆ ಹೆಚ್ಚುಕಡಿಮೆ ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಕಂಚು ಅನ್ನಿ. ತವರ ಕಡಿಮೆಯಾದರೆ ನಾದ ಮಂಕು, ಹೆಚ್ಚಾದರೆ ಬಿರುಕು. ಟೇಮರ್ ಕಣಿವೆಯಲ್ಲಿ ಎರಡೂ ಸಿಗುತ್ತಿದ್ದವು. ಹೊಳೆಯಲ್ಲಿ ಕೆಲವು ಮೈಲಿ ಮೇಲಕ್ಕೆ ಮೊರ್ವೆಲ್‌ಹ್ಯಾಮ್ ಅಂತ ಬಂದರು ಇದೆ. ಅದಿರು ಸಾಗಿಸಲು ಅಲ್ಲಿಗೆ ಕಾಲುವೆ ತೋಡಿಸಿದ ಎಂಜಿನಿಯರ್ ಜಾನ್ ಟೇಲರ್. ಕಾಲುವೆ 1817ರಲ್ಲಿ ತೆರೆಯಿತು. ಆ ಹೆಸರು ಎಲ್ಲೋ ಕೇಳಿದ್ದೀರಿ ಅನಿಸುತ್ತಿದೆಯಾ? ಅವನ ಮಕ್ಕಳು ಮೊಮ್ಮಕ್ಕಳು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯೇ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿದ್ದು. ಇಲ್ಲಿ ತಾಮ್ರ ತವರದ ಗಣಿಗಳು ಮುಚ್ಚುತ್ತಿದ್ದ ಹಾಗೆ ಕಾರ್ನ್‌ವಾಲ್‌ನ ಗಣಿಗಾರರು ಹಡಗು ಹತ್ತಿ ಕೆಜಿಎಫ್‌ಗೆ ಬಂದರು. ನಾನು ಕಾರ್ನ್‌ವಾಲ್‌ಗೆ ಬಂದದ್ದನ್ನು ದೊಡ್ಡ ಪ್ರಯಾಣ ಅಂದುಕೊಂಡಿದ್ದೆ.

ಹಿರಿಯರು ತುಟಿಯ ಮೇಲೆ ಬೆರಳಿಟ್ಟರು.

ಮೊದಲು ಕಬ್ಬಿಣ ಕೊಸರಿದ ಸದ್ದು. ಗೂಡಿನೊಳಗೆ ಏನೋ ಎದ್ದು ತಿರುಗಿತು. ಆಮೇಲೆ ತಲೆಯ ಮೇಲೆ ಎಲ್ಲೋ, ಗೋಡೆಯ ಆಚೆ, ಗಂಟೆ. ನಾನು ಭಾರೀ ನಾದ ಬರುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ. ದೇವಸ್ಥಾನದ ಬಾಗಿಲ ಗಂಟೆಗಿಂತ ಸ್ವಲ್ಪ ಗಟ್ಟಿ, ಒಣ ಸದ್ದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಾವಧಾನ. ಚಾಪಲ್‌ನಲ್ಲಿದ್ದ ಐದಾರು ಜನ ಇದ್ದಲ್ಲೇ ನಿಂತರು. ಒಬ್ಬ ಹುಡುಗ ಫೋನು ಎತ್ತಿ ಹಿಡಿದು, ಏನು ತೆಗೆಯಬೇಕೋ ತಿಳಿಯದೆ, ಕೆಳಗಿಳಿಸಿದ.

ಅಮ್ಮ ಎಣಿಸುತ್ತಿದ್ದಳು. ಬಾಯಲ್ಲಲ್ಲ, ಹೆಬ್ಬೆರಳಿನಲ್ಲಿ. ಜಪ ಎಣಿಸುವ ಹಾಗೆ ಬೆರಳ ಗೆಣ್ಣುಗಳ ಮೇಲೆ. ಒಂದು ಬೆರಳಿಗೆ ಮೂರು, ನಾಲ್ಕು ಬೆರಳಿಗೆ ಹನ್ನೆರಡು. ಕಿರುಬೆರಳಿನ ಕೊನೆಯ ಗೆಣ್ಣಿಗೆ ಹೆಬ್ಬೆರಳು ಬಂದಾಗ ಗಂಟೆಯೂ ನಿಂತಿತು. ಕೈ ಮುಚ್ಚಿದಳು. ನನ್ನ ಫೋನಿನಲ್ಲಿ 12:06 ಅಂತಿತ್ತು. ತೋರಿಸಲಿಲ್ಲ.

ಹೊರಗೆ ಹುಲ್ಲಿನ ಇಳಿಜಾರಿನಲ್ಲಿ ಬೆಡ್‌ಶೀಟು ಹಾಸಿ ಕೂತೆವು. ಕೆಳಗೆ ಹೊಳೆ, ದೂರದಲ್ಲಿ ಕ್ಯಾಲ್‌ಸ್ಟಾಕ್‌ನ ರೈಲು ಸೇತುವೆಯ ಕಮಾನುಗಳು. ಚಿತ್ರಾನ್ನ ತಿಂದು, ಮೊಸರನ್ನದ ಡಬ್ಬಿಯ ಮುಚ್ಚಳ ಬಿಗಿಯಾಗಿದೆ ಅಂತ ಇಬ್ಬರೂ ಒದ್ದಾಡುತ್ತಿದ್ದಾಗ ಮನೆಯ ಕಡೆಯಿಂದ ಮತ್ತೆ ಗಂಟೆ ಕೇಳಿಸಿತು. ಅಮ್ಮ ಡಬ್ಬಿ ಬಿಟ್ಟು ಕೈ ತೆರೆದಳು. ಹೆಬ್ಬೆರಳು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಕೂತು ಸ್ವಲ್ಪ ಹೊತ್ತು ಕಾಯಿತು. ಎರಡನೆಯದು ಬರಲಿಲ್ಲ.

"ಒಂದೇನಾ?" ಅಂದಳು. ಆಮೇಲೆ, "ಇನ್ನೊಂದು ಹೊಡೀತೇನೋ, ನಮಗೆ ಕೇಳಿಸಲಿಲ್ವೇನೋ."